ನಾರುಹುಣ್ಣು ನೀಗಿದ ಬಗೆ

ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ. ಈ ಎರಡು ಹೊಳೆಗಳ ನಡುವೆ ಹರಡಿಕೊಂಡಿರುವ ಕಪ್ಪುಮಣ್ಣಿನ ಬಯಲೇ ವಿಜಯಪುರ ಜಿಲ್ಲೆ. ಇಂಡಿ ಮತ್ತು ಸಿಂದಗಿಯ ಸೀಮೆ ಭೀಮೆಯ ಮಗ್ಗುಲಲ್ಲಿದೆ. ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳದ ಸೀಮೆ ಕೃಷ್ಣೆಯ ಮಗ್ಗುಲಲ್ಲಿದೆ. ನಡುವೆ ಡೋಣಿ ನದಿ ಹರಿಯುತ್ತದೆ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂದು ಹಿರಿಯರು ಹೇಳುವುದುಂಟು. ಆ ಮಣ್ಣಿನ ಫಲವತ್ತತೆ ಅಂಥದು. ಆದರೆ ಬಿಳಿಜೋಳವನ್ನು ಧಾರಾಳವಾಗಿ ಕೊಡುವ ಈ ನೆಲವು ಕುಡಿಯುವ ನೀರಿನ ವಿಷಯದಲ್ಲಿ ಬಹುಕಾಲ ಜಿಪುಣವಾಗಿಯೇ ಉಳಿಯಿತು. ಇಲ್ಲಿ ಮಳೆ ಕಡಿಮೆ. ಬೀಳುವ ಮಳೆಯೂ ನಂಬತಕ್ಕುದಲ್ಲ. ಡೋಣಿಯ ನೀರು ಉಪ್ಪು. ಹೊಳೆಯಿಂದ ದೂರವಿರುವ ಹಳ್ಳಿಗಳಿಗೆ ಹೊಳೆ ಇದ್ದೂ ಇಲ್ಲದಂತೆಯೇ ಸರಿ. ಆದ್ದರಿಂದ ಈ ಭಾಗದ ಜನರು ಶತಮಾನಗಳಿಂದ ಬಾವಿಗಳನ್ನೇ ನೆಚ್ಚಿ ಬಾಳಿದರು.

ಬಾವಿ ತೋಡಿಸುವುದನ್ನು ಹಿಂದಿನವರು ದೊಡ್ಡ ಪುಣ್ಯಕಾರ್ಯವೆಂದು ಎಣಿಸುತ್ತಿದ್ದರು. ಅರಸರಿಂದ ಮೊದಲ್ಗೊಂಡು ಊರಗೌಡರವರೆಗೆ ಅನುಕೂಲವಿದ್ದವರೆಲ್ಲರೂ ಈ ಪುಣ್ಯವನ್ನು ಗಳಿಸಲು ಹಂಬಲಿಸಿದರು. ವಿಜಯಪುರ ನಗರದಲ್ಲಿ 1579ರಲ್ಲಿ ಒಂದನೆಯ ಅಲಿ ಆದಿಲ್‌ಶಹನು ಕಟ್ಟಿಸಿದ ಚಾಂದ್ ಬಾವಡಿ, ಅನಂತರ ಎದ್ದ ತಾಜ್ ಬಾವಡಿ ಇವು ಆ ಹಂಬಲದ ರಾಜಯೋಗ್ಯ ಮಾದರಿಗಳು. ಹಳ್ಳಿಗಳ ಬಾವಿಗಳು ಇಷ್ಟು ಭವ್ಯವಾಗಿರಲಿಲ್ಲವಾದರೂ ಅವುಗಳಲ್ಲಿ ಅನೇಕವು ಇದೇ ಬಗೆಯವು, ಎಂದರೆ ಪಾವಟಿಗೆಗಳುಳ್ಳ ಬಾವಿಗಳು. ಬೇಸಗೆಯಲ್ಲಿ ನೀರು ಎಷ್ಟೇ ಕೆಳಗಿಳಿಯಲಿ, ಮೆಟ್ಟಿಲುಗಳ ಮೇಲೆ ಇಳಿದು ಹೋಗಿ ಕೊಡವನ್ನು ನೇರವಾಗಿ ಮುಳುಗಿಸಿ ತುಂಬಿಕೊಳ್ಳಬಹುದು. ಹಗ್ಗ ಬೇಡ, ಗಾಲಿ ಬೇಡ. ದಣಿದು ಬಂದ ದಾರಿಹೋಕನು ನೀರಿಗಿಳಿದು ಕೈಕಾಲು ತೊಳೆದುಕೊಂಡು, ಬೊಗಸೆಯಲ್ಲಿ ಮೊಗೆದು ಕುಡಿದು ತಣಿಯಬಹುದು. ನೀರಿಲ್ಲದ ನಾಡಿನಲ್ಲಿ ಇದಕ್ಕಿಂತ ಹೆಚ್ಚಿನ ಉಪಕಾರ ಯಾವುದಿದ್ದೀತು?

ಆದರೆ ಈ ಉಪಕಾರದ ಮೆಟ್ಟಿಲುಗಳ ಮೇಲೆಯೇ ಒಂದು ಭಯಂಕರವಾದ ರೋಗವು ಮನುಷ್ಯರ ಬೆನ್ನು ಹತ್ತಿತ್ತು. ಅದರ ಹೆಸರು ನಾರುಹುಣ್ಣು.

ನಾರುಹುಣ್ಣಿನಿಂದ ಜನರು ಸಾಯುವುದು ಅಪರೂಪ. ಅದು ಕೊಲ್ಲುವ ರೋಗವಲ್ಲ, ಕೆಡಹುವ ರೋಗ. ಮೊದಲು ಕಾಲಿನಲ್ಲಿ, ಸಾಮಾನ್ಯವಾಗಿ ಮೊಳಕಾಲಿನ ಕೆಳಗೆ, ಒಂದು ಬೊಕ್ಕೆ ಏಳುತ್ತದೆ. ಬೆಂಕಿಯಲ್ಲಿ ಸುಟ್ಟಂತೆ ಉರಿಯುತ್ತದೆ. ಬೊಕ್ಕೆ ಒಡೆದಾಗ ಅದರೊಳಗಿಂದ ಬಿಳಿಯ ದಾರದಂತಹ ಹುಳುವಿನ ತುದಿ ಹೊರಕ್ಕೆ ಕಾಣಿಸಿಕೊಳ್ಳುತ್ತದೆ. ನಾರಿನಂತೆ ತೆಳ್ಳಗೆ, ಉದ್ದಕ್ಕೆ ಇರುವುದರಿಂದಲೇ ಇದಕ್ಕೆ ಆ ಹೆಸರು ಬಂದಿತು. ಹೆಣ್ಣು ಹುಳುವಿನ ಉದ್ದ 60ರಿಂದ 100 ಸೆಂಟಿಮೀಟರುಗಳಷ್ಟಾಗುವುದುಂಟು. ಅದನ್ನು ಒಮ್ಮೆಗೇ ಎಳೆದು ತೆಗೆಯುವಂತಿಲ್ಲ. ಎಳೆದರೆ ತುಂಡಾಗಿ ಒಳಗೇ ಉಳಿದು ಕೀವುಗೂಡುತ್ತದೆ. ಸಣ್ಣದೊಂದು ಕಡ್ಡಿಗೆ ಅದರ ತುದಿಯನ್ನು ಸುತ್ತಿ, ದಿನಕ್ಕೆ ಕೆಲವೇ ಸೆಂಟಿಮೀಟರಿನಷ್ಟು ಹೊರಗೆ ತೆಗೆಯಬೇಕು. ಈ ಕೆಲಸಕ್ಕೆ ವಾರಗಳೇ ಹಿಡಿಯುತ್ತಿದ್ದವು. ಅಷ್ಟು ದಿನವೂ ರೋಗಿಯು ಹಾಸಿಗೆಯಲ್ಲಿ ಬಿದ್ದು ನರಳುತ್ತಿದ್ದನು.

ಈ ಹುಳು ಹೊರಬೀಳುತ್ತಿದ್ದುದು ಹೆಚ್ಚಾಗಿ ಬೇಸಗೆಯಲ್ಲಿ. ಅದು ಮುಂಗಾರಿನ ಬಿತ್ತನೆಗೆ ಒಕ್ಕಲಿಗನು ಹೊಲವನ್ನು ಹದಗೊಳಿಸಬೇಕಾದ ಕಾಲ. ಮನೆಯ ದುಡಿಯುವ ಆಳು ಮಲಗಿದನೆಂದರೆ ಹೊಲ ಬೀಳುಬಿತ್ತು. ಹೊಲ ಬೀಳುಬಿದ್ದರೆ ವರ್ಷದ ಕೂಳಿಗೆ ಸಂಚಕಾರ. ತಾಯಿ ಮಲಗಿದರೆ ಎಳೆಯ ಮಕ್ಕಳನ್ನು ನೋಡುವವರಿಲ್ಲ. ಹಿರಿಯ ಮಗಳು ಶಾಲೆ ಬಿಟ್ಟು ಒಲೆಯ ಮುಂದೆ ಕೂರಬೇಕಾಗುತ್ತಿತ್ತು. ಹೀಗೆ ಒಬ್ಬರ ಕಾಲಿನ ಹುಣ್ಣು ಇಡೀ ಸಂಸಾರದ ಹುಣ್ಣಾಗುತ್ತಿತ್ತು. ಒಮ್ಮೆ ಬಂದವರಿಗೆ ಮತ್ತೆ ಬಾರದೆಂಬ ನೆಮ್ಮದಿಯೂ ಈ ರೋಗದಲ್ಲಿರಲಿಲ್ಲ. ಮುಂದಿನ ವರ್ಷ ಅದೇ ಮನುಷ್ಯನನ್ನು ಅದು ಮತ್ತೆ ಕೆಡಹಬಹುದಾಗಿತ್ತು.

ಇದು ಬಹು ಪುರಾತನವಾದ ರೋಗ. ಈಜಿಪ್ಟಿನ ಪ್ರಾಚೀನ ಶವವೊಂದರಲ್ಲಿ ಈ ಹುಳುವಿನ ಅವಶೇಷವು ದೊರೆತಿದೆ. ದೇವರ ಮುನಿಸೆಂದೂ ಶಾಪವೆಂದೂ ಜನರು ಇದನ್ನು ತಿಳಿದುದರಲ್ಲಿ ಆಶ್ಚರ್ಯವಿಲ್ಲ. ಇದರ ನಿಜವಾದ ಮೂಲವನ್ನು 1870ರ ಸುಮಾರಿಗೆ ರಷ್ಯದ ವಿಜ್ಞಾನಿ ಅಲೆಕ್ಸೀ ಫೆದ್‌ಚೆಂಕೊ ಕಂಡುಹಿಡಿದನು. ರೋಗದ ಬೇರು ಶಾಪದಲ್ಲಿರಲಿಲ್ಲ, ನೀರಿನಲ್ಲಿತ್ತು.

ಕೆರೆಬಾವಿಗಳ ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಅತಿ ಸಣ್ಣ ಜೀವಿಗಳು ವಾಸಿಸುತ್ತವೆ. ಗ್ರೀಕ್ ಪುರಾಣದ ಒಕ್ಕಣ್ಣ ದೈತ್ಯನ ಹೆಸರನ್ನು ಈ ಜೀವಿಗೆ ಇಟ್ಟಿದ್ದಾರೆ. ಏಕೆಂದರೆ ಇದಕ್ಕಿರುವುದು ಒಂದೇ ಕಣ್ಣು. ಇದರ ಗಾತ್ರ ಒಂದೆರಡು ಮಿಲಿಮೀಟರು ಮಾತ್ರ. ನಾರುಹುಳುವಿನ ಮರಿಗಳನ್ನು ಈ ಸೈಕ್ಲಾಪ್ಸ್ ನುಂಗುತ್ತದೆ. ಸುಮಾರು ಎರಡು ವಾರಗಳಲ್ಲಿ ಮರಿಗಳು ಅದರ ದೇಹದಲ್ಲಿ ಬಲಿತು ಮುಂದಿನ ಹಂತಕ್ಕೆ ಸಿದ್ಧವಾಗುತ್ತವೆ. ಅಂತಹ ನೀರನ್ನು ಮನುಷ್ಯನು ಸೋಸದೆ ಕುಡಿದಾಗ ಸೈಕ್ಲಾಪ್ಸ್ ಜಠರದಲ್ಲಿ ಸಾಯುತ್ತದೆ. ಮರಿಗಳು ಮಾತ್ರ ಸಾಯದೆ ಕರುಳಿನ ಗೋಡೆಯನ್ನು ಕೊರೆದುಕೊಂಡು ಮೈಯೊಳಕ್ಕೆ ಸೇರುತ್ತವೆ. ಅಲ್ಲಿ ಅವು ಬೆಳೆದು ಕೂಡಿದ ಮೇಲೆ ಗಂಡು ಸಾಯುತ್ತದೆ. ಹೆಣ್ಣು ಸುಮಾರು ಒಂದು ವರ್ಷದ ತರುವಾಯ ಕಾಲಿನತ್ತ ಸರಿದು ಚರ್ಮದ ಕೆಳಗೆ ಬೊಕ್ಕೆಯನ್ನು ಎಬ್ಬಿಸುತ್ತದೆ. ಉರಿಯನ್ನು ತಾಳಲಾರದೆ ರೋಗಿಯು ಕಾಲನ್ನು ತಣ್ಣೀರಿನಲ್ಲಿ ಇಳಿಬಿಡುತ್ತಾನೆ. ಹುಳುವು ಕಾದಿದ್ದುದು ಇದಕ್ಕಾಗಿಯೇ. ನೀರು ಸೋಕಿದೊಡನೆ ಅದು ಲಕ್ಷಗಟ್ಟಲೆ ಮರಿಗಳನ್ನು ಹೊರಚೆಲ್ಲುತ್ತದೆ. ಅವುಗಳನ್ನು ಸೈಕ್ಲಾಪ್ಸ್ ನುಂಗುತ್ತದೆ. ಆ ನೀರನ್ನು ಊರವರು ಕುಡಿಯುತ್ತಾರೆ. ಚಕ್ರವು ಮತ್ತೆ ಮೊದಲಿನಿಂದ ತಿರುಗತೊಡಗುತ್ತದೆ.

ಮೆಟ್ಟಿಲುಬಾವಿಯು ಈ ಚಕ್ರಕ್ಕೆ ಹೇಳಿ ಮಾಡಿಸಿದಂತಿತ್ತು. ಬೇಸಗೆಯಲ್ಲಿ ನೀರು ತಳ ಮುಟ್ಟಿದಾಗ ಅಲ್ಪ ನೀರಿನಲ್ಲಿ ಸೈಕ್ಲಾಪ್ಸ್ ದಟ್ಟವಾಗಿ ಸೇರುತ್ತಿತ್ತು. ಜನರು ಅದೇ ಸಮಯದಲ್ಲಿ ಕೊನೆಯ ಮೆಟ್ಟಿಲಿನವರೆಗೂ ಇಳಿದು ನೀರಿನಲ್ಲಿ ಕಾಲಿಡಬೇಕಾಗುತ್ತಿತ್ತು. ಹಿಂದಿನ ಬೇಸಗೆಯಲ್ಲಿ ಮೈ ಸೇರಿದ ಹುಳು ಈ ಬೇಸಗೆಗೆ ಸರಿಯಾಗಿ ಹೊರಬರುತ್ತಿತ್ತು. ಹೀಗೆ ಬಾವಿಯ ರಚನೆ, ಋತುವಿನ ಕ್ರಮ, ಹುಳುವಿನ ಆಯುಸ್ಸು ಈ ಮೂರೂ ಒಂದಕ್ಕೊಂದು ಹೊಂದಿಕೊಂಡುಬಿಟ್ಟಿದ್ದವು. ಪುಣ್ಯಕ್ಕೆಂದು ಕಟ್ಟಿಸಿದ ಮೆಟ್ಟಿಲು ರೋಗಕ್ಕೂ ಮೆಟ್ಟಿಲಾದುದು ವಿಧಿಯ ವಿಡಂಬನೆಯೇ ಸರಿ.

ಈ ರೋಗಕ್ಕೆ ಲಸಿಕೆ ಇಲ್ಲ. ಹುಳುವನ್ನು ಕೊಲ್ಲುವ ಔಷಧವೂ ಇಲ್ಲ. ಹಾಗಿದ್ದರೂ ಇದನ್ನು ಬೇರುಸಹಿತ ಕಿತ್ತುಹಾಕಲು ಸಾಧ್ಯವೆಂದು ತಜ್ಞರು ಕಂಡುಕೊಂಡರು. ಅದಕ್ಕೆ ಕಾರಣವು ಸರಳವಾಗಿದೆ. ನೀರಿಗೆ ಬಿದ್ದ ಮರಿಯು ಸೈಕ್ಲಾಪ್ಸ್ ಸಿಕ್ಕದಿದ್ದರೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ಸೈಕ್ಲಾಪ್ಸಿನೊಳಗಿನ ಮರಿಯು ಮನುಷ್ಯನ ಹೊಟ್ಟೆ ಸೇರದಿದ್ದರೆ ಅಲ್ಲಿಯೇ ಅಳಿಯುತ್ತದೆ. ಮನುಷ್ಯನ ಮೈಯಲ್ಲಿರುವ ಹುಳುವೂ ಒಂದು ವರ್ಷಕ್ಕೆ ತುಸು ಹೆಚ್ಚು ಕಾಲ ಮಾತ್ರ ಬದುಕುತ್ತದೆ. ಆದ್ದರಿಂದ ಸರಪಳಿಯ ಯಾವುದಾದರೂ ಒಂದು ಕೊಂಡಿಯನ್ನು ಒಂದೆರಡು ವರ್ಷ ಬಿಡದೆ ಕತ್ತರಿಸಿ ಹಿಡಿದರೆ ರೋಗವು ಆ ಊರಿನಿಂದ ತಾನಾಗಿಯೇ ತೊಲಗುತ್ತದೆ. ರೋಗಿಯು ನೀರಿಗೆ ಇಳಿಯಬಾರದು. ಉಳಿದವರು ನೀರನ್ನು ಸೋಸದೆ ಕುಡಿಯಬಾರದು. ಇಷ್ಟೇ ಅದರ ಮದ್ದು.

ಹೇಳುವುದಕ್ಕೆ ಇಷ್ಟೇ. ಆದರೆ ಫೆದ್‌ಚೆಂಕೊ ಸತ್ಯವನ್ನು ಕಂಡ ನೂರು ವರ್ಷಗಳ ಮೇಲೂ ರೋಗವು ಹಳ್ಳಿಗಳಲ್ಲಿ ಹಾಗೆಯೇ ಇತ್ತು. ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರೂ ಅವರ ಸಂಗಾತಿಗಳಾದ ಶರಣರೂ ಅರಿವು ಆಚಾರವಾಗಬೇಕೆಂದು ಸಾರಿದರು. ಗ್ರಂಥದಲ್ಲಿರುವ ಅರಿವು ಊರಬಾವಿಯ ಬಳಿಗೆ ಬಂದು ಆಚಾರವಾಗಬೇಕಾದರೆ ಹಣ ಬೇಕು, ಆಳು ಬೇಕು, ಹೊಣೆ ಹೊರುವ ಆಡಳಿತ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಜನರ ಒಪ್ಪಿಗೆ ಬೇಕು.

ಆ ಕಾಲವು 1980ರ ದಶಕದಲ್ಲಿ ಕೂಡಿಬಂದಿತು. ವಿಶ್ವಸಂಸ್ಥೆಯು 1981ರಿಂದ 1990ರವರೆಗಿನ ಹತ್ತು ವರ್ಷಗಳನ್ನು ಕುಡಿಯುವ ನೀರು ಮತ್ತು ನೈರ್ಮಲ್ಯದ ದಶಕವೆಂದು ಸಾರಿತು. ಭಾರತ ಸರ್ಕಾರವು 1983–84ರಲ್ಲಿ ನಾರುಹುಣ್ಣು ನಿರ್ಮೂಲನದ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡಿತು. ಆಗ ದೇಶದ ಏಳು ರಾಜ್ಯಗಳಲ್ಲಿ ಈ ರೋಗ ನೆಲೆಸಿತ್ತು. 1984ರಲ್ಲಿ ಸುಮಾರು 40,000 ರೋಗಿಗಳು ಲೆಕ್ಕಕ್ಕೆ ಸಿಕ್ಕರು. ರೋಗವಿದ್ದ ಹಳ್ಳಿಗಳು 12,000ಕ್ಕೂ ಹೆಚ್ಚು. ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಬಿಜಾಪುರ, ಗುಲ್ಬರ್ಗಾ, ರಾಯಚೂರುಗಳಂತಹ ಉತ್ತರದ ಬರಡು ಜಿಲ್ಲೆಗಳೇ ಇಲ್ಲಿ ರೋಗದ ಬೀಡು.

ಇದೇ ವರ್ಷಗಳಲ್ಲಿ ಕರ್ನಾಟಕದ ಗ್ರಾಮಾಡಳಿತವು ಹೊಸ ರೂಪವನ್ನು ಪಡೆಯುತ್ತಿತ್ತು. 1983ರ ಕಾಯಿದೆಯಂತೆ ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯಿತಿಗಳೂ ರಚನೆಯಾಗಬೇಕಾಗಿತ್ತು; 1987ರ ಜನವರಿಯಲ್ಲಿ ಅವುಗಳಿಗೆ ಚುನಾವಣೆ ನಡೆಯಿತು. ಸ್ಥಾನಗಳಲ್ಲಿ ನಾಲ್ಕನೆಯ ಒಂದು ಪಾಲು ಮಹಿಳೆಯರಿಗೆ ಮೀಸಲಾಗಿತ್ತು. ಆರೋಗ್ಯ, ಶಿಕ್ಷಣ, ಕುಡಿಯುವ ನೀರು ಮೊದಲಾದ ಕೆಲಸಗಳು ರಾಜಧಾನಿಯ ಕಚೇರಿಗಳಿಂದ ಜಿಲ್ಲೆಗೆ ಇಳಿದು ಬಂದವು. ತಲೆಯ ಮೇಲೆ ಕೊಡ ಹೊತ್ತು ನಡೆಯುವವರ ಕಷ್ಟ ಇನ್ನು ಮುಂದೆ ಆಡಳಿತದ ಸಭೆಯಲ್ಲಿ ಅವರದೇ ಬಾಯಿಂದ ಕೇಳಿಬರುವ ದಾರಿಯಾಯಿತು.

ಈ ಮಾರ್ಪಾಟಿನ ಹಿಂದೆ ನಿಂತು ದುಡಿದವರು ಅಂದಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾದ ಅಬ್ದುಲ್ ನಜೀರ್ ಸಾಬರು. ಅವರು ಹುಟ್ಟಿದುದು ದೂರದ ಗುಂಡ್ಲುಪೇಟೆಯಲ್ಲಿ. ಆದರೆ ನೀರಿಲ್ಲದ ಹಳ್ಳಿಗಳೆಲ್ಲವೂ ಅವರಿಗೆ ಸ್ವಂತ ಊರುಗಳೇ ಆಗಿದ್ದವು. ರಾಜ್ಯದ ಹಳ್ಳಿಹಳ್ಳಿಗೂ ಕೊಳವೆಬಾವಿಯನ್ನು ಕೊರೆಯಿಸುವ ಕಾರ್ಯವನ್ನು ಅವರು ವ್ರತದಂತೆ ನಡೆಸಿದರು. ಜನರು ಪ್ರೀತಿಯಿಂದ ಅವರನ್ನು ‘ನೀರ್ ಸಾಬ್’ ಎಂದು ಕರೆದರು. 1988ರಲ್ಲಿ ಅವರು ತೀರಿಕೊಂಡರು. ಮೈಸೂರಿನಲ್ಲಿರುವ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯು ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಕೊಳವೆಬಾವಿಯ ಮೇಲೆ ಕೂರಿಸಿದ ಕೈಪಂಪಿನ ಕಥೆಯೂ ತಿಳಿಯತಕ್ಕುದು. ಮೊದಮೊದಲು ಹಳ್ಳಿಗಳಿಗೆ ಬಂದ ಬೀಡುಕಬ್ಬಿಣದ ಪಂಪುಗಳನ್ನು ಒಂದು ಮನೆಯ ಬಳಕೆಗೆಂದು ರೂಪಿಸಲಾಗಿತ್ತು. ಇಡೀ ಊರು ಮುಂಜಾನೆಯಿಂದ ಸಂಜೆಯವರೆಗೆ ಒತ್ತತೊಡಗಿದಾಗ ಅವು ಬೇಗನೆ ಮುರಿದುಬಿದ್ದವು. ಭೀಮೆಯ ಆಚೆಗೆ, ಇಂಡಿಗೆ ನೆರೆಯಾದ ಸೋಲಾಪುರದಲ್ಲಿ ಬಳಕೆಗೆ ಬಂದ ಗಟ್ಟಿಮುಟ್ಟಾದ ಪಂಪೊಂದನ್ನು ಆಧಾರವಾಗಿಟ್ಟುಕೊಂಡು ‘ಇಂಡಿಯಾ ಮಾರ್ಕ್ 2’ ಎಂಬ ಪಂಪನ್ನು 1970ರ ದಶಕದಲ್ಲಿ ಸಿದ್ಧಪಡಿಸಲಾಯಿತು. 250 ಜನರಿಗೆ ಒಂದು ಪಂಪು ಎಂಬುದು ಅಂದಿನ ಲೆಕ್ಕಾಚಾರ. ನೆಲದ ಆಳದಿಂದ ಬರುವ ಆ ನೀರಿನಲ್ಲಿ ಸೈಕ್ಲಾಪ್ಸ್ ಇರಲಿಲ್ಲ. ಆ ನೀರಿಗೆ ಯಾರ ಕಾಲೂ ತಗಲುವಂತಿರಲಿಲ್ಲ. ಅದರಿಂದ ಇನ್ನೊಂದು ಲಾಭವೂ ಆಯಿತು. ಊರಬಾವಿಯ ಮೆಟ್ಟಿಲನ್ನು ಎಲ್ಲರೂ ಇಳಿಯುವ ಹಾಗಿರಲಿಲ್ಲ. ಅಸ್ಪೃಶ್ಯತೆಯ ಪಿಡುಗಿಗೆ ಸಿಕ್ಕವರು ಕಟ್ಟೆಯ ಬಳಿ ನಿಂತು, ಇತರರು ಹೊಯ್ಯುವ ನೀರಿಗಾಗಿ ಕಾಯಬೇಕಾಗಿತ್ತು. ಅವರ ಕೇರಿಯಲ್ಲಿಯೇ ಪಂಪು ಬಂದಾಗ ಆ ಕಾಯುವಿಕೆ ತಪ್ಪಿತು. ಶುದ್ಧವಾದ ನೀರು ಆರೋಗ್ಯವನ್ನಲ್ಲದೆ ಮರ್ಯಾದೆಯನ್ನೂ ತಂದುಕೊಟ್ಟಿತು.

ಪಂಪು ಬಂದೊಡನೆ ಎಲ್ಲವೂ ಮುಗಿಯಲಿಲ್ಲ. ನೆಲದಾಳದ ನೀರು ಸಪ್ಪೆಯೆಂದೋ ಉಪ್ಪೆಂದೋ ಹೇಳಿ ಹಳೆಯ ಬಾವಿಯ ನೀರನ್ನೇ ಬಯಸುವವರಿದ್ದರು. ಅಜ್ಜ ಮುತ್ತಜ್ಜರು ಕಟ್ಟಿಸಿದ ಬಾವಿಯ ಮೆಟ್ಟಿಲನ್ನು ಮುಚ್ಚುವುದೆಂದರೆ ಅವರ ಹೆಸರನ್ನೇ ಅಳಿಸಿದಂತೆ ಎಂದು ನೊಂದವರೂ ಇದ್ದರು. ಇಂತಹ ಕಡೆ ಬಲವಂತವು ನಡೆಯುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಕಾರ್ಯಕರ್ತರು ಮನೆಮನೆಗೆ ಹೋಗಿ ವಿವರಿಸಬೇಕಾಗಿತ್ತು. ಗಾಜಿನ ಲೋಟದಲ್ಲಿ ಬಾವಿಯ ನೀರನ್ನು ತುಂಬಿ ಬೆಳಕಿಗೆ ಹಿಡಿದರೆ ಚಿಮ್ಮುತ್ತ ಓಡಾಡುವ ಚುಕ್ಕೆಗಳು ಬರಿಗಣ್ಣಿಗೇ ಕಾಣುತ್ತವೆ. ನೂರು ಮಾತು ಹೇಳದುದನ್ನು ಆ ಒಂದು ಲೋಟ ಹೇಳಬಲ್ಲುದು. ಮೆಟ್ಟಿಲುಗಳನ್ನು ಮುಚ್ಚಿ, ಸುತ್ತಲೂ ಕಟ್ಟೆಗೋಡೆ ಎಬ್ಬಿಸಿ, ಗಾಲಿ ಹೂಡಿ ಸೇದುವ ಬಾವಿಯಾಗಿ ಮಾರ್ಪಡಿಸುವುದು ಕಾರ್ಯಕ್ರಮದ ಒಂದು ಅಂಗ. ಹಾಗೆ ಮಾಡಲಾಗದ ಕಡೆ ಟೆಮೆಫಾಸ್ ಎಂಬ ರಾಸಾಯನಿಕವನ್ನು ಅಳತೆಯರಿತು ನೀರಿಗೆ ಬೆರೆಸಿ ಸೈಕ್ಲಾಪ್ಸನ್ನು ಕೊಲ್ಲುವುದು ಎರಡನೆಯ ಅಂಗ. ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರನ್ನು ಸೋಸುವಂತೆ ಕಲಿಸುವುದು ಮೂರನೆಯದು. ಮೂರನೆಯದಕ್ಕೆ ಹೆಚ್ಚಿನ ಖರ್ಚಿಲ್ಲ. ಆದರೆ ಅದನ್ನು ದಿನವೂ, ತಪ್ಪದೆ, ಪ್ರತಿಯೊಂದು ಮನೆಯಲ್ಲಿಯೂ ಮಾಡಬೇಕು.

ಇವೆಲ್ಲವುಗಳ ಜೊತೆಗೆ ರೋಗಿಗಳನ್ನು ಹುಡುಕುವ ಕೆಲಸ ನಡೆಯಿತು. ರೋಗಿಯು ತಾನಾಗಿ ಆಸ್ಪತ್ರೆಗೆ ಬರಲೆಂದು ಕಾಯದೆ, ಕಾರ್ಯಕರ್ತರೇ ಹಳ್ಳಿಗಳನ್ನು ಸುತ್ತಿ ಪ್ರತಿಯೊಂದು ಮನೆಯಲ್ಲಿ ವಿಚಾರಿಸಿದರು. ಸಿಕ್ಕಿದ ರೋಗಿಯ ಹುಣ್ಣಿಗೆ ಪಟ್ಟಿ ಕಟ್ಟಿ, ನೀರಿಗಿಳಿಯದಂತೆ ಅವನಿಗೆ ತಿಳಿಹೇಳಿದರು. ರೋಗವು ಅಪರೂಪವಾಗುತ್ತ ಬಂದಂತೆ, ರೋಗಿಯ ಸುದ್ದಿಯನ್ನು ತಂದವರಿಗೆ ನಗದು ಬಹುಮಾನವನ್ನೂ ಸರ್ಕಾರ ಘೋಷಿಸಿತು. ಕೊನೆಯ ಒಬ್ಬ ರೋಗಿ ಕಣ್ತಪ್ಪಿದರೂ ಇಡೀ ಪ್ರಯತ್ನ ನೀರುಪಾಲಾಗುವ ಅಪಾಯವಿತ್ತು.

ಫಲವು ವರ್ಷದಿಂದ ವರ್ಷಕ್ಕೆ ಗೋಚರಿಸಿತು. 1984ರಲ್ಲಿ ಸುಮಾರು 40,000 ಇದ್ದ ರೋಗಿಗಳ ಸಂಖ್ಯೆ 1995ರಲ್ಲಿ 60ಕ್ಕೆ, 1996ರಲ್ಲಿ 9ಕ್ಕೆ ಇಳಿಯಿತು. ದೇಶದ ಕಟ್ಟಕಡೆಯ ರೋಗಿಯು 1996ರ ಜುಲೈ ತಿಂಗಳಿನಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡುಬಂದನು. ಅಲ್ಲಿಂದ ಮುಂದೆ ಮೂರು ವರ್ಷಗಳಿಗೂ ಹೆಚ್ಚು ಕಾಲ ಹುಡುಕಿದರೂ ಹೊಸ ರೋಗಿಯೊಬ್ಬನೂ ಸಿಕ್ಕಲಿಲ್ಲ. 2000ನೆಯ ವರ್ಷದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಣ್ಣಿನಿಂದ ಮುಕ್ತವಾದ ದೇಶವೆಂದು ಘೋಷಿಸಿತು. ಸಿಡುಬಿನ ತರುವಾಯ ಈ ದೇಶವು ಬೇರುಸಹಿತ ಕಿತ್ತ ಎರಡನೆಯ ರೋಗವಿದು. ಜಗತ್ತಿನಲ್ಲಿ 1986ರಲ್ಲಿ ಸುಮಾರು 35 ಲಕ್ಷ ಜನರು ಇದರಿಂದ ನರಳುತ್ತಿದ್ದರೆಂದು ಅಂದಾಜು. 2021ರಿಂದ 2024ರವರೆಗಿನ ನಾಲ್ಕು ವರ್ಷಗಳಲ್ಲಿ ವರ್ಷಕ್ಕೆ 20 ರೋಗಿಗಳೂ ಕಂಡುಬಂದಿಲ್ಲ.

ಆದರೆ ನೀರಿನ ಕಥೆಯು ಇಲ್ಲಿಗೆ ಮುಗಿಯುವುದಿಲ್ಲ. ಒಂದು ಕೇಡನ್ನು ನೀಗಿದ ಕೊಳವೆಬಾವಿಯು ಕೆಲವೆಡೆ ಇನ್ನೊಂದು ಕೇಡಿನ ದಾರಿಯನ್ನು ತೆರೆಯಿತು. ಈ ಜಿಲ್ಲೆಯ ಹಲವು ಭಾಗಗಳಲ್ಲಿ ನೆಲದಾಳದ ಬಂಡೆಗಳಿಂದ ಫ್ಲೋರೈಡ್ ಎಂಬ ಲವಣಾಂಶವು ನೀರಿನಲ್ಲಿ ಕರಗಿ ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲುಗಳ ಮೇಲೆ ಕಂದು ಕಲೆಗಳು ಮೂಡುತ್ತವೆ. ಅದರ ಪ್ರಮಾಣವು ಇನ್ನೂ ಹೆಚ್ಚಾದರೆ ಎಲುಬು ಕೀಲುಗಳು ಬಿಗಿಯುತ್ತವೆ. ಇದನ್ನು ಬಟ್ಟೆಯಿಂದ ಸೋಸಲಾಗದು, ಕುದಿಸಿ ಕಳೆಯಲಾಗದು. ಆದ್ದರಿಂದ ಆಡಳಿತವು ಮತ್ತೆ ಹೊಳೆಗಳತ್ತ ಮುಖ ಮಾಡಬೇಕಾಯಿತು. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಆದ ಮೇಲೆ ನದಿಯ ನೀರನ್ನು ಶುದ್ಧೀಕರಿಸಿ ಕೊಳವೆಗಳ ಮೂಲಕ ಹಲವಾರು ಹಳ್ಳಿಗಳಿಗೆ ಒಟ್ಟಿಗೆ ಹರಿಸುವ ಬಹುಗ್ರಾಮ ಯೋಜನೆಗಳು ಬಂದವು. 2019ರಲ್ಲಿ ಆರಂಭವಾದ ಜಲ ಜೀವನ ಯೋಜನೆಯು ಮನೆಮನೆಗೆ ನಲ್ಲಿಯನ್ನು ಒಯ್ಯುವ ಗುರಿಯನ್ನು ಹೊಂದಿತು. ಒಂದು ಪರಿಹಾರವು ಹೊಸ ಪ್ರಶ್ನೆಯನ್ನು ತಂದಾಗ ಹಿಂದಿನ ಶ್ರಮವು ವ್ಯರ್ಥವಾಯಿತೆಂದು ತಿಳಿಯಬಾರದು. ನೀರನ್ನು ಪರೀಕ್ಷಿಸುವುದನ್ನು ನಿಲ್ಲಿಸಬಾರದೆಂಬುದೇ ಅದು ಕಲಿಸುವ ಪಾಠ.

ಜನರ ಆರೋಗ್ಯವೆಂಬುದು ಆಸ್ಪತ್ರೆಯಲ್ಲಿ ಮಾತ್ರ ಹುಟ್ಟುವುದಲ್ಲ. ಅದು ಬಾವಿಯ ಕಟ್ಟೆಯಲ್ಲಿ, ಅಡುಗೆಮನೆಯಲ್ಲಿ, ಶಾಲೆಯಲ್ಲಿ ಹುಟ್ಟುತ್ತದೆ. 2002ರಲ್ಲಿ ರಾಜ್ಯದ ಉತ್ತರದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟವು ಮೊದಲಾದಾಗ ಅವುಗಳಲ್ಲಿ ಈ ಜಿಲ್ಲೆಯೂ ಸೇರಿತ್ತು. ಆ ಯೋಜನೆಗೆ ‘ಅಕ್ಷರ ದಾಸೋಹ’ವೆಂಬ ಹೆಸರಿಟ್ಟುದು ಅರ್ಥಪೂರ್ಣವಾಗಿದೆ, ದಾಸೋಹವೆಂಬುದು ಬಾಗೇವಾಡಿಯ ಮಣ್ಣಿಗೆ ಆಪ್ತವಾದ ಮಾತು. ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಮಕ್ಕಳಿಗೆ ಅನ್ನದೊಡನೆ ಸಮಾನತೆಯ ಪಾಠವೂ ದೊರೆಯುತ್ತದೆ.

ನಾರುಹುಣ್ಣನ್ನು ಇಂದಿನ ಬಾಲಕ ಬಾಲಕಿಯರು ಕಂಡಿಲ್ಲ. ಅದರ ಹೆಸರನ್ನೇ ಕೇಳದವರು ಬಹುಮಂದಿ. ಅದೇ ಈ ಕಾರ್ಯದ ದೊಡ್ಡ ಗೆಲುವು. ಆದರೆ ಊರಿನ ಹಿರಿಯರಲ್ಲಿ ಕೆಲವರ ಮೊಳಕಾಲ ಕೆಳಗೆ ಹಳೆಯ ಗಾಯದ ಗುರುತು ಇನ್ನೂ ಉಳಿದಿರಬಹುದು. ಆ ಗುರುತಿನ ಹಿಂದೆ ಬೀಳುಬಿದ್ದ ಹೊಲ, ಬಿಟ್ಟ ಶಾಲೆ, ಉಪವಾಸದ ದಿನಗಳು ಅಡಗಿವೆ. ಆ ನೋವು ಮುಂದಿನ ತಲೆಮಾರಿಗೆ ತಗಲದಂತೆ ತಡೆದುದು ಒಂದು ಔಷಧವಲ್ಲ, ಒಬ್ಬ ಮಹಾಪುರುಷನ ಪವಾಡವೂ ಅಲ್ಲ. ಬಾವಿಗೆ ಕಟ್ಟೆ ಕಟ್ಟಿದ ಗೌಂಡಿ, ಕೊಡಕ್ಕೆ ಬಟ್ಟೆ ಕಟ್ಟಿದ ತಾಯಿ, ಬಿಸಿಲಿನಲ್ಲಿ ಹಳ್ಳಿ ಸುತ್ತಿದ ಆರೋಗ್ಯ ಕಾರ್ಯಕರ್ತ, ಹಣವನ್ನು ನೀರಿಗಾಗಿ ಮೀಸಲಿಟ್ಟ ಆಡಳಿತ ಇವರೆಲ್ಲರೂ ತಮ್ಮ ತಮ್ಮ ಪಾಲಿನ ಕೆಲಸವನ್ನು ಮಾಡಿದರು. ಒಬ್ಬನ ಕಾಲು ಸೋಕಿದ ನೀರು ಊರಿಗೆಲ್ಲ ರೋಗವನ್ನು ಹಂಚುತ್ತಿದ್ದ ಕಾಲವೊಂದಿತ್ತು. ಒಬ್ಬೊಬ್ಬರ ಎಚ್ಚರಿಕೆಯು ಊರಿಗೆಲ್ಲ ಆರೋಗ್ಯವನ್ನು ಹಂಚಬಲ್ಲುದೆಂಬುದನ್ನೂ ಅದೇ ನೀರು ತೋರಿಸಿಕೊಟ್ಟಿತು.